ನೀಲಿ ಬೊಟ್ಟಿನ ವಾಲ್ವು: ಎರಡನೆಯ ಅಳತೆ

"ತೆಗೀರಿ ಮೇಸ್ತ್ರಿ. ನಿಮ್ಮ ಕೈಲಾಗದಿದ್ರೆ ನಾನೇ ತೆಗೀತೀನಿ" ಎಂದಳು ಚಿಕ್ಕಮ್ಮ.

ಮೇಸ್ತ್ರಿ ಕೈ ಚಾಚಿದ. ವಾಲ್ವಿನ ಗಾಜಿಗೆ ಬೆರಳು ತಾಗುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡ. ಹತ್ತು ಗಂಟೆಗೆ ಅಂಗಡಿಯ ಬಾಗಿಲು ತೆರೆದಾಗಿನಿಂದ ಇದು ಮೂರನೆಯ ಸಲ.

ಮೇಜಿನ ಮೇಲೆ ಹಳೆಯ ಗಿಟಾರ್ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ಬೆನ್ನು ಬಿಚ್ಚಿಸಿಕೊಂಡು ಕೂತಿತ್ತು. ಒಳಗೆ, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ, ಎರಡು ದೊಡ್ಡ ಗಾಜಿನ ವಾಲ್ವುಗಳು ತಲೆ ಕೆಳಗಾಗಿ ತೂಗುತ್ತಿದ್ದವು. ಒಂದರದು ಬರೀ ಕಪ್ಪು ಬುಡ. ಇನ್ನೊಂದರ ಬುಡದ ಮೇಲೆ ಸಾಸಿವೆ ಕಾಳಿನಷ್ಟು ನೀಲಿ ಬೊಟ್ಟು. ಏಳು ವರ್ಷದ ಹಿಂದೆ ಸಭಾಂಗಣದ ಬೆಂಕಿಯಲ್ಲಿ ಮೇಸ್ತ್ರಿಯ ಸ್ನೇಹಿತ ಗಿಟಾರಿನವನ ಜೊತೆಗೇ ಸುಟ್ಟುಹೋಯಿತೆಂದು ಎಲ್ಲರೂ ನಂಬಿದ್ದ ವಾಲ್ವು, ನಿನ್ನೆ ಸಂಜೆ ಬೇರೊಂದು ಪೆಟ್ಟಿಗೆಯಲ್ಲಿ ಕೂತು ಮೇಸ್ತ್ರಿಯ ಅಂಗಡಿಗೆ ವಾಪಸ್ಸು ಬಂದಿತ್ತು.

"ಇದು ಅದೇ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ? ನೀಲಿ ಬಣ್ಣ ಲೋಕದಲ್ಲಿ ನಿಮಗೊಬ್ಬರಿಗೇ ಗುತ್ತಿಗೆ ಕೊಟ್ಟಿದಾರಾ?"

"ಒಂದೊಂದು ಜೋಡಿಗೆ ಒಂದೊಂದು ಬಣ್ಣ ಹಚ್ತೀನಿ. ಇದು ನನ್ನವಳ ಉಗುರು ಬಣ್ಣ. ಅವಳು ಹೋದ ಮೇಲೆ ಶೀಶೇಲಿ ಎರಡು ಬೊಟ್ಟಿಗಾಗೋಷ್ಟು ಮಿಕ್ಕಿತ್ತು. ಆ ಎರಡನ್ನೂ ಅವನ ಜೋಡಿಗೇ ಹಚ್ಚಿದೆ. ಶೀಶೆ ಖಾಲಿ ಆಯ್ತು."

ಚಿಕ್ಕಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ನಿಜವಾಗಿ ಯಾರಿಗೂ ಚಿಕ್ಕಮ್ಮನಲ್ಲ. ಇಪ್ಪತ್ತಾರು ವರ್ಷ ಪೊಲೀಸಿನ ಕಳವು ವಿಭಾಗದಲ್ಲಿದ್ದಾಗ ಜೇಬುಗಳ್ಳರು ಇಟ್ಟ ಹೆಸರು ಅದು. ಬೈದು, ಊಟ ಹಾಕಿಸಿ, ಆಮೇಲೆ ಒಳಗೆ ಹಾಕುತ್ತಿದ್ದಳಂತೆ. ಈಗ ನಿವೃತ್ತಿ. ಮಂಡಿ ನೋವು, ಮೂಗು ಮಾತ್ರ ಮೊದಲಿನಷ್ಟೇ ಚುರುಕು.

"ಸರಿ. ನನಗೊಂದು ಸಲ ಬಿಡಿಸಿ ಹೇಳಿ. ನನಗೆ ರೇಡಿಯೋ ಕಿವಿ ತಿರುಪೋದು ಬಿಟ್ರೆ ಬೇರೇನೂ ಗೊತ್ತಿಲ್ಲ."

ಕೆಲಸದ ಮಾತು ಬಂದರೆ ಮೇಸ್ತ್ರಿಗೆ ಸ್ವಲ್ಪ ಉಸಿರು ಬರುತ್ತಿತ್ತು. "ಇವು ಜೋಡೀಲಿ ದುಡೀತವೆ. ಒಂದು ಎಳೆಯುತ್ತೆ, ಒಂದು ತಳ್ಳುತ್ತೆ. ಇಬ್ಬರೂ ಒಂದೇ ಸಮ ಕರೆಂಟು ಕುಡೀಬೇಕು. ಒಬ್ಬ ಜಾಸ್ತಿ, ಇನ್ನೊಬ್ಬ ಕಡಿಮೆ ಆದ್ರೆ ಸಂಸಾರ ಕೆಡ್ತು, ಪೆಟ್ಟಿಗೆ ಬರೀ ಗುಂಯ್ ಅನ್ನುತ್ತೆ."

"ನಮ್ಮ ಬೀದೀಲೂ ಅಂಥ ಮನೆಗಳಿವೆ."

"ಅದಕ್ಕೇ ಹತ್ತಾರು ವಾಲ್ವು ಅಳೆದು ಸಮ ಸಮ ಇರೋದನ್ನ ಆರಿಸಿ ಜೋಡಿ ಮಾಡೋದು. ಆಮೇಲೆ ಬಯಾಸ್. ಬಯಾಸ್ ಅಂದ್ರೆ ಕಡಿವಾಣ. ಇಗೋ, ಈ ಪುಟ್ಟ ತಿರುಪು. ಬಿಗಿ ಮಾಡಿದ್ರೆ ಸ್ವರ ಸತ್ತುಹೋಗುತ್ತೆ. ಸಡಿಲ ಬಿಟ್ರೆ ವಾಲ್ವು ಕುಡಿದೂ ಕುಡಿದೂ ಕೆಂಪಗೆ ಕಾಯುತ್ತೆ. ಹಾಗೇ ಬಿಟ್ರೆ..."

ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ತನಿಖೆಯ ವರದಿಯಲ್ಲಿ ಬರೆದಿತ್ತು. ಸಭಾಂಗಣದ ವೇದಿಕೆಯ ಮೇಲೆ ಚಾಲೂ ಇದ್ದ ಆಂಪ್ಲಿಫೈಯರಿನ ವಾಲ್ವು ಮಿತಿಮೀರಿ ಕಾದು ಬೆಂಕಿ ಹತ್ತಿತು, ಕಾರ್ಯಕ್ರಮಕ್ಕೆ ತಯಾರಾಗುತ್ತಿದ್ದ ಗಿಟಾರಿನವನು ಹೊಗೆಯಲ್ಲಿ ಉಸಿರುಕಟ್ಟಿ ತೀರಿಕೊಂಡ. ಆ ಪೆಟ್ಟಿಗೆಗೆ ಅಂದು ಬೆಳಿಗ್ಗೆಯೇ ಬಯಾಸ್ ಮಾಡಿಕೊಟ್ಟವನು ಮೇಸ್ತ್ರಿ. ಯಾರೂ ಅವನನ್ನು ಜೈಲಿಗೆ ಹಾಕಲಿಲ್ಲ. ಅವನೇ ತನ್ನನ್ನು ಹಾಕಿಕೊಂಡ. ಏಳು ವರ್ಷದಿಂದ ಸ್ವಿಚ್ಚು, ಸ್ಪೀಕರು, ಹರಿದ ವೈರು ಅಷ್ಟೇ. ಕಡಿವಾಣದ ತಿರುಪನ್ನು ಮುಟ್ಟಿರಲಿಲ್ಲ.

"ತಣ್ಣಗಿದ್ದಾಗ ತಗೊಳ್ಳೋ ಅಳತೆ ಸುಳ್ಳು ಹೇಳುತ್ತೆ ಚಿಕ್ಕಮ್ಮ. ಇಪ್ಪತ್ತು ನಿಮಿಷ ಕಾಯಿಸಿ ಇನ್ನೊಂದ್ಸಲ ಅಳೀಬೇಕು. ವಾಲ್ವು ಎಷ್ಟು ಕರೆಂಟು ಕುಡೀತು ಅನ್ನೋ ಎರಡು ಅಂಕಿಗಳನ್ನೂ ಬುಡದ ಅಡೀಲಿ ಸೂಜಿಯಿಂದ ಕೆತ್ತಿಡ್ತೀನಿ. ನನಗೆ ಕಲಿಸಿದವರ ಪದ್ಧತಿ ಅದು. ಅವತ್ತು ಅವನು ಅವಸರ ಮಾಡ್ತಿದ್ದ. ಮೊದಲನೇ ಅಳತೆ ತಗೊಂಡದ್ದು ನೆನಪಿದೆ. ಎರಡನೇದು..."

"ನೆನಪಿಲ್ಲ" ಎಂದು ಚಿಕ್ಕಮ್ಮ ಪೂರೈಸಿದಳು.

"ಏಳು ವರ್ಷದಿಂದ ನೆನೀತಾನೇ ಇದೀನಿ. ನೆನೆದೂ ನೆನೆದೂ ಈಗ ನೆನಪು ಯಾವುದು, ಕಲ್ಪನೆ ಯಾವುದು ಅಂತಾನೇ ತಿಳೀತಿಲ್ಲ. ಇದರ ಅಡೀಲಿ ಎರಡು ಅಂಕಿ ಇದ್ರೆ ನಾನು ನನ್ನ ಕೆಲಸ ಸರಿಯಾಗಿ ಮಾಡಿದೀನಿ. ಒಂದೇ ಇದ್ರೆ, ಅವನನ್ನ ಕೊಂದದ್ದು ನಾನೇ."

ಚಿಕ್ಕಮ್ಮನಿಗೆ ಈಗ ಅರ್ಥವಾಯಿತು. ಅವನು ತನಿಖೆಗೆಂದು ಅವಳನ್ನು ಕರೆಸಿರಲಿಲ್ಲ. ಆ ಒಂದು ವಾಲ್ವನ್ನು ಕೀಳುವಾಗ ಪಕ್ಕದಲ್ಲಿ ಯಾರಾದರೂ ಇರಲಿ ಎಂದು ಕರೆಸಿದ್ದ. ಪಾಪ ಎನ್ನಿಸಿತು ಅವಳಿಗೆ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದು. ಮೇಸ್ತ್ರಿಯ ಭಾವ ಕಾಫಿಯ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದ.

ಈ ಭಾವ ಮೇಸ್ತ್ರಿಯ ಅಕ್ಕನ ಗಂಡ. ಒಂದು ಕಾಲದಲ್ಲಿ ಅದೇ ಸಭಾಂಗಣದ ವೈರಿಂಗ್ ಎಲ್ಲ ಅವನ ಕೈಯಲ್ಲಿತ್ತು. ಬೆಂಕಿಯಾದ ಮೇಲೆ ವೈರು ಕಂಡರೆ ಆಗುವುದಿಲ್ಲವೆಂದು ಆ ಕಸುಬು ಬಿಟ್ಟು, ಎರಡು ಬೀದಿಯಾಚೆ ಕೊಡೆ ರಿಪೇರಿ ಮಾಡುತ್ತಿದ್ದ. ಬಿಸಿಲಿರಲಿ, ಚಳಿಯಿರಲಿ, ದಿನಕ್ಕೆ ಎರಡು ಸಲ ಭಾವಮೈದುನನಿಗೆ ಕಾಫಿ ತಂದುಕೊಡುವುದು ಮಾತ್ರ ತಪ್ಪಿಸಿದವನಲ್ಲ. ಮೊದಲ ವರ್ಷ ಮೇಸ್ತ್ರಿ ಊಟ ಬಿಟ್ಟು ಕೂತಾಗ ತುತ್ತು ಕಲಸಿ ಬಾಯಿಗಿಟ್ಟವನೂ ಅವನೇ.

"ನೋಡಿ ಭಾವ" ಎಂದ ಮೇಸ್ತ್ರಿ, "ಅವನ ವಾಲ್ವು. ಸುಟ್ಟೇ ಇಲ್ಲ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಮತ್ತೆ ತಿರುಗಿಸಿತು. "ಎಲ್ಲಿ ಸಿಕ್ಕಿತು?"

"ಟೈಲರಮ್ಮನ ಮಗಳು ಯಾವುದೋ ಹಳೇ ಪೆಟ್ಟಿಗೆ ಕೊಂಡುಕೊಂಡಿದಾಳಂತೆ. ಗುಂಯ್ ಅನ್ನುತ್ತೆ ಅಂತ ತಂದುಕೊಟ್ಟು ಹೋದ್ಲು. ನಾನು ಯಾರು ಅಂತ ಆ ಮಗೂಗೆ ಗೊತ್ತಿರಲಿಲ್ಲ."

ಟೈಲರಮ್ಮ ಎಂದರೆ ಗಿಟಾರಿನವನ ಹೆಂಡತಿ. ಆ ಮನೆಯ ಕಡೆ ಮೇಸ್ತ್ರಿ ಏಳು ವರ್ಷದಿಂದ ತಲೆ ಹಾಕಿರಲಿಲ್ಲ.

ಭಾವ ಕಾಫಿ ಬಗ್ಗಿಸಿದ. ಮೊದಲ ಲೋಟ ಚಿಕ್ಕಮ್ಮನಿಗೆ. "ಇವನ ಗಾಯ ಈಗ ತಾನೇ ಒಣಗ್ತಾ ಇದೆ ತಾಯಿ. ಮತ್ತೆ ಕೆರೆಯೋದು ಬೇಡ. ನೋಡಪ್ಪ, ಅದನ್ನ ತೆಗೆದು ಎಸೆದುಬಿಡು. ನಿನ್ನ ತಪ್ಪಲ್ಲ ಅಂತ ಎಷ್ಟು ಸಲ ಹೇಳಲಿ? ನಾನಾದ್ರೂ ಅವತ್ತು ಊರಲ್ಲಿದ್ದಿದ್ರೆ ಓಡಿಹೋಗಿ ಮೇನ್ ಸ್ವಿಚ್ ಆರಿಸ್ತಿದ್ದೆ. ಮಗಳ ಬಾಣಂತನ ಅಂತ ಹೋಗಿಬಿಟ್ಟೆ."

"ನೀವೇನು ಮಾಡೋಕಾಗ್ತಿತ್ತು ಭಾವ, ಬಿಡಿ."

ಭಾವ ಮೇಸ್ತ್ರಿಯ ಬೆನ್ನು ತಟ್ಟಿದ. ಆಮೇಲೆ ಕೊಡೆಗಳು ಕಾಯುತ್ತಿವೆ ಎಂದು ಹೊರಟುಹೋದ. ಕಾಫಿ ಚೆನ್ನಾಗಿತ್ತು ಎಂಬುದನ್ನು ಚಿಕ್ಕಮ್ಮ ಒಪ್ಪಿಕೊಳ್ಳಲೇಬೇಕಾಯಿತು.

ಲೋಟ ಕೆಳಗಿಟ್ಟು ಮೇಸ್ತ್ರಿ ಎದ್ದ. ಎಡಗೈಯನ್ನು ಜೇಬಿನೊಳಗೆ ಹಾಕಿಕೊಂಡ. ಕರೆಂಟಿನ ಕೆಲಸದವರ ಅಭ್ಯಾಸ ಅದು, ಪೆಟ್ಟಿಗೆ ಬಂದ್ ಆಗಿದ್ದರೂ ಬಿಡದು. ಬಲಗೈಯಿಂದ ವಾಲ್ವನ್ನು ಬುಡದಲ್ಲಿ ಹಿಡಿದು, ಮೆಲ್ಲಗೆ ಅಲುಗಿಸಿ, ಕಿತ್ತು, ಕಣ್ಣುಮುಚ್ಚಿ ಚಿಕ್ಕಮ್ಮನ ಕೈಗೆ ಕೊಟ್ಟ.

ಅವಳು ಭೂತಗನ್ನಡಿ ಹಿಡಿದಳು.

"ಮೂವತ್ತಾರು" ಎಂದಳು.

ಮೇಸ್ತ್ರಿ ಕಣ್ಣು ತೆರೆಯಲಿಲ್ಲ.

"ಅದರ ಪಕ್ಕ ಮೂವತ್ತೇಳು."

ಅವನು ಸ್ಟೂಲಿನ ಮೇಲೆ ಕೂತ. ಎರಡು ಸಲ ಅಳೆದಿದ್ದಾನೆ. ಕಾಯಿಸಿಯೇ ಅಳೆದಿದ್ದಾನೆ. ಏಳು ವರ್ಷ ತನ್ನ ಮೇಲೆ ತಾನೇ ಹೊರಿಸಿಕೊಂಡ ತಪ್ಪು ಅಲ್ಲಿರಲಿಲ್ಲ. ಅವನ ಮುಖದಲ್ಲಿ ನಗುವೊಂದು ಮೂಡಿತು. ಬಹಳ ದಿನ ಬಳಸದೆ ಇದ್ದುದರಿಂದ ಸ್ವಲ್ಪ ಸೊಟ್ಟಗೆ ಬಂತು.

"ತಡೀರಿ" ಎಂದಳು ಚಿಕ್ಕಮ್ಮ. "ಇನ್ನೊಂದು ಅಂಕಿ ಇದೆ. ಅರವತ್ತೊಂದು. ಇದು ನಿಮ್ಮ ಕೆತ್ತನೆ ಅಲ್ಲ, ಒರಟು ಒರಟಾಗಿದೆ."

ನಗು ಹಾಗೇ ಇಳಿದುಹೋಯಿತು. ಮೇಸ್ತ್ರಿ ಭೂತಗನ್ನಡಿ ಕಿತ್ತುಕೊಂಡು ತಾನೇ ನೋಡಿದ. "ಇದು ಅವನದು. ಮೊಳೆಯಿಂದ ಗೀಚಿದಾನೆ. ವಾಲ್ವಿನ ಕರೆಂಟು ಮಾತ್ರ ಅಳೆಯೋ ಪುಟ್ಟ ಮಾಪಕ ಒಂದನ್ನ ನಾನೇ ಅವನಿಗೆ ಕೊಟ್ಟಿದ್ದೆ. ಎಲ್ಲಿಗೆ ಹೋದ್ರೂ ಅಲ್ಲೊಂದ್ಸಲ ನೋಡ್ಕೋ ಅಂತ."

"ಅರವತ್ತೊಂದು ಅಂದ್ರೆ?"

"ಅಂದ್ರೆ ಕೆಂಪಗೆ ಕಾದಿತ್ತು. ಮೂವತ್ತೇಳಕ್ಕೆ ಬಿಟ್ಟದ್ದು ಅರವತ್ತೊಂದಕ್ಕೆ ಹೋಗಿದೆ. ಇದೊಂದೇ ಏರಿದ್ರೆ ನಾನು ಕೆಟ್ಟ ವಾಲ್ವು ಆರಿಸಿದೆ ಅಂತ. ಎರಡೂ ಏರಿದ್ರೆ ನಾನು ಕೂರಿಸಿದ ತಿರುಪು ಜಾರಿದೆ ಅಂತ. ಹೇಗೆ ನೋಡಿದ್ರೂ ನನ್ನ ಕೈಯೇ, ಚಿಕ್ಕಮ್ಮ."

ಒಂದು ನಿಮಿಷದ ಹಿಂದೆ ಬಿಡುಗಡೆಯಾಗಿದ್ದವನು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಕ್ಕಮ್ಮನಿಗೆ ಸಿಟ್ಟೇ ಬಂತು. ಇಷ್ಟು ಸುಲಭವಾಗಿ ತಪ್ಪೊಪ್ಪಿಕೊಳ್ಳುವ ಗಿರಾಕಿ ಅವಳಿಗೆ ಇಪ್ಪತ್ತಾರು ವರ್ಷದಲ್ಲಿ ಒಬ್ಬನೂ ಸಿಕ್ಕಿರಲಿಲ್ಲ.

ಅವಳು ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಗಾಜಿನ ಮೇಲೆ ಒಂದು ಕಡೆ ಉದ್ದನೆಯ ಅಂಟು. ಅಂಟಿಗೆ ಬಣ್ಣ ಬಣ್ಣದ ನೂಲಿನ ಎಳೆಗಳು ಹತ್ತಿದ್ದವು.

"ಮೇಸ್ತ್ರಿ, ಗಾಜಿಗೆ ಟೇಪು ಅಂಟಿಸೋ ಅಭ್ಯಾಸ ಇದೆಯಾ ನಿಮಗೆ?"

"ಬಿಸಿ ಆಗೋ ಗಾಜಿಗೆ ಯಾರಾದ್ರೂ ಟೇಪು ಅಂಟಿಸ್ತಾರಾ?"

"ಅಂದ್ರೆ ಕಿತ್ತ ಮೇಲೆ ಅಂಟಿಸಿದಾರೆ. ಟೇಪಿನ ಕೆಳಗೆ ಏನೋ ಇತ್ತು." ಅವಳು ವಾಲ್ವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ನಾನು ಒಂದು ರವಿಕೆ ಹೊಲಿಸ್ಕೊಂಡು ಬರ್ತೀನಿ. ಅಲ್ಲೀವರೆಗೆ ನೀವು ನಿಮ್ಮನ್ನ ಗಲ್ಲಿಗೆ ಹಾಕ್ಕೋಬೇಡಿ."

*

ಟೈಲರಮ್ಮ ತಲೆಯೆತ್ತಲಿಲ್ಲ. ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ, ಒಂದು ಉದ್ದ ಮೇಜು, ಗೋಡೆಗೆ ಕತ್ತರಿಸಿದ ಕಾಗದದ ಅಳತೆಗಳು, ಮೂಲೆಯಲ್ಲಿ ಮಗಳ ಗಿಟಾರು.

ಚಿಕ್ಕಮ್ಮ ಕರವಸ್ತ್ರ ಬಿಚ್ಚಿ ವಾಲ್ವನ್ನು ಬಟ್ಟೆಯ ಮೇಲೆ ಇಟ್ಟಳು.

ಯಂತ್ರ ನಿಂತಿತು.

"ಬಟನ್ ಡಬ್ಬೀಲಿ ಬಿದ್ದಿತ್ತು" ಎಂದಳು ಟೈಲರಮ್ಮ. ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ಪೆಟ್ಟಿಗೇಲಿ ಒಂದು ಕೆಟ್ಟಿತ್ತು ಅಂತ ಮಗಳು ಹುಡುಕಿ ಹಾಕ್ಕೊಂಡಳು. ಬಲ್ಬು ಬದಲಾಯಿಸಿದ ಹಾಗೆ. ಜೋಡಿ ಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ಯಾರ ಹತ್ರ ರಿಪೇರಿಗೆ ಕೊಟ್ಟಳು ಅಂತ ನನಗೆ ಗೊತ್ತಿರಲಿಲ್ಲ."

"ಬಟನ್ ಡಬ್ಬಿಗೆ ಹೇಗೆ ಬಂತು?"

"ಹಳೇದು. ಯಾವಾಗ್ಲೋ ಇಟ್ಟಿದ್ರು."

"ಇದು ಬೆಂಕಿಯ ದಿನ ಬೆಳಿಗ್ಗೆ ಆ ಪೆಟ್ಟಿಗೆಯೊಳಗಿತ್ತು. ಮಧ್ಯಾಹ್ನ ಬೆಂಕಿ ಬಿತ್ತು. ನಡುವೆ ಯಾರೋ ಕಿತ್ತು ನಿಮಗೆ ತಂದುಕೊಟ್ಟಿದಾರೆ. ಟೇಪು ಹಾಕಿ ಏನೋ ಅಂಟಿಸಿ."

"ನೀವು ಪೊಲೀಸಾ?"

"ಇದ್ದೆ. ಈಗ ಬರೀ ಮಂಡಿನೋವು."

ಟೈಲರಮ್ಮ ಬಟ್ಟೆಯ ಅಂಚನ್ನು ಉಗುರಿನಿಂದ ಮಡಿಸತೊಡಗಿದಳು. ಮಡಿಸಿ ಬಿಚ್ಚಿದಳು. ಮತ್ತೆ ಮಡಿಸಿದಳು. "ಮೇಸ್ತ್ರಿ ಹೇಗಿದಾರೆ?" ಎಂದು ಕೇಳಿದಳು.

ಚಿಕ್ಕಮ್ಮ ಮೂವತ್ತು ಬಗೆಯ ಉತ್ತರ ಕೊಡಬಹುದಿತ್ತು. ನಿಜವನ್ನೇ ಹೇಳಿದಳು. "ಏಳು ವರ್ಷದಿಂದ ಆ ಕೆಲಸ ಮುಟ್ಟಿಲ್ಲ. ಸ್ನೇಹಿತನನ್ನ ತಾನೇ ಕೊಂದೆ ಅಂತ ನಂಬ್ಕೊಂಡಿದಾರೆ. ಇವತ್ತು ಬೆಳಿಗ್ಗೆ ಇದನ್ನ ಕೀಳೋಕೆ ಹೋಗಿ ಮೂರು ಸಲ ಕೈ ಹಿಂದಕ್ಕೆ ಎಳ್ಕೊಂಡ್ರು."

ಟೈಲರಮ್ಮ ಎದ್ದು ಹೋಗಿ ಬೀದಿಯ ಬಾಗಿಲು ಮುಂದೆ ಮಾಡಿ ಬಂದಳು. ಯಂತ್ರದ ಪುಟ್ಟ ಸೆಳೆಖಾನೆ ಎಳೆದು, ಸೂಜಿಗಳ ಪೊಟ್ಟಣದ ಹಿಂದಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಆದರೆ ಕೊಡಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡಳು.

"ಅವತ್ತು ಒಂದು ಗಂಟೆ ಹೊತ್ತಿಗೆ ನಮ್ಮನೆಯವರು ಬೆವರ್ತಾ ಬಂದ್ರು. ಇದನ್ನ ಈಗಿಂದೀಗ್ಲೇ ಮೇಸ್ತ್ರಿಗೆ ತಲುಪಿಸು, ನೋಡಿದ ಕೂಡ್ಲೇ ಅವನಿಗೆ ಗೊತ್ತಾಗುತ್ತೆ ಅಂದ್ರು. ನೀವೇ ಹೋಗಿ ಅಂದೆ. ಇಲ್ಲ, ನಾನು ವಾಪಸ್ ಹೋಗಬೇಕು, ಅಲ್ಲೊಬ್ಬರನ್ನ ನೋಡ್ಕೊಳ್ಳೋಕೆ ಬಿಟ್ಟು ಬಂದಿದೀನಿ ಅಂದ್ರು."

"ಫೋನ್ ಮಾಡಬಹುದಿತ್ತಲ್ಲ?"

"ಮೇಸ್ತ್ರಿ ಅಂಗಡೀಲಿ ಫೋನ್ ಎಲ್ಲಿದೆ? ಪೆಟ್ಟಿಗೆಗಳೆಲ್ಲ ಗುರ್ ಅಂತವೆ ಅಂತ ಇಟ್ಕೊಂಡೇ ಇಲ್ಲ ಪುಣ್ಯಾತ್ಮ."

"ನೀವು ಹೋಗಲಿಲ್ಲ."

"ಮೂರು ಗಂಟೆಗೆ ಕೊಡಬೇಕಾದ ಬಟ್ಟೆ ಇತ್ತು. ತೋಳು ಕೂರಿಸೋದು ಬಾಕಿ. ಇದೊಂದು ಮುಗಿಸಿ ಹೋದ್ರಾಯ್ತು ಅಂದುಕೊಂಡೆ. ಒಂದು ತೋಳು ಕೂರಿಸಿದೆ." ಕಾಗದವನ್ನು ಮುಷ್ಟಿಯಲ್ಲೇ ಹಿಸುಕಿದಳು. "ಎರಡನೇ ತೋಳಿಗೆ ಹೋಗೋಷ್ಟರಲ್ಲಿ ಬೀದೀಲಿ ಜನ ಓಡ್ತಿದ್ರು."

ಚಿಕ್ಕಮ್ಮ ವಾಲ್ವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

ಟೈಲರಮ್ಮ ಕಾಗದ ಬಿಡಿಸಿ ಬಟ್ಟೆಯ ಮೇಲೆ ಹರಡಿದಳು. ಪೆನ್ಸಿಲ್ಲಿನ ಬರಹ, ಅವಸರದ್ದು.

*ಮೇಸ್ತ್ರಿ, ಎರಡೂ 61. ಗೋಡೆ 288. ಎಲ್ಲಾ ಆಫ್ ಮಾಡಿ ಕೂತಿದೀನಿ. ಬೇಗ ಬಾ.*

"ಅಂಕಿಗಳು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಎಂದಳು. "ಆದ್ರೆ ಆಫ್ ಮಾಡಿ ಅನ್ನೋದು ಓದೋಕೆ ಬರುತ್ತಲ್ಲ. ಪೆಟ್ಟಿಗೆ ಚಾಲೂ ಇತ್ತು ಅಂತ ತನಿಖೆಯವರು ವರದಿ ಬರೆದಾಗ ಈ ಚೀಟಿ ನನ್ನ ಕೈಲಿತ್ತು. ತೋರಿಸಿದ್ರೆ ಮೇಸ್ತ್ರಿ ಉಳೀತಿದ್ರು. ಆದ್ರೆ ಬೇಗ ಬಾ ಅಂತಲೂ ಅದರಲ್ಲೇ ಇತ್ತು. ಅವರು ಕಾಯ್ತಾ ಕೂತಿದ್ರು. ನಾನು ತೋಳು ಹೊಲೀತಿದ್ದೆ. ಮಗಳಿಗೆ ಅದನ್ನ ಯಾವ ಬಾಯಲ್ಲಿ ಹೇಳಲಿ?"

"ಅದಕ್ಕೆ ಮೇಸ್ತ್ರಿ ತಲೆ ಮೇಲೆ ಇರಲಿ ಅಂತ ಬಿಟ್ರಿ."

"ಬಿಟ್ಟೆ." ಅವಳು ಕಣ್ಣು ತಪ್ಪಿಸಲಿಲ್ಲ. "ದಿನಾ ನೆನೆಸ್ಕೊಂಡೇ ಬಿಟ್ಟೆ."

ಒಬ್ಬ ಸತ್ತವನಿಗಾಗಿ ಇಬ್ಬರು ಬದುಕಿರುವವರು ಒಂದೇ ಊರಿನಲ್ಲಿ ಬೇರೆ ಬೇರೆ ಬಾಗಿಲು ಹಾಕಿಕೊಂಡು ಕೂತಿದ್ದರು. ಚಿಕ್ಕಮ್ಮ ಟೈಲರಮ್ಮನ ಕೈಮೇಲೆ ಕೈಯಿಟ್ಟಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು.

"ಅಲ್ಲೊಬ್ಬರನ್ನ ಬಿಟ್ಟು ಬಂದಿದೀನಿ ಅಂದ್ರಲ್ಲ. ಯಾರನ್ನ?"

"ಹೇಳಲಿಲ್ಲ. ನಾನೂ ಕೇಳಲಿಲ್ಲ."

"ವರದೀಲಿ ನಿಮ್ಮ ಯಜಮಾನರು ಒಬ್ಬರೇ ಇದ್ರು ಅಂತಿದೆ."

"ಹಾಗೇ ಬರೆದಿದಾರೆ."

"ಈ ಚೀಟೀಲಿ ಗೋಡೆ ಅಂತ ಬರೆದಿದಾರೆ, ಗೋಡೆ ಪ್ಲಗ್ಗೇ ಇರಬೇಕು. ಗೋಡೆ ಪ್ಲಗ್ಗಿನ ಕರೆಂಟು ಅಳೆಯೋ ಸಾಮಾನು ಇತ್ತಾ ಅವರ ಹತ್ರ?"

ಅಂಥ ದುಃಖದಲ್ಲೂ ಟೈಲರಮ್ಮನಿಗೆ ನಗು ಬಂತು. "ಅವರಿಗಾ? ಗೋಡೆ ಪ್ಲಗ್ ಕಂಡ್ರೆ ಮೂರು ಮಾರು ದೂರ. ಇಸ್ತ್ರಿಪೆಟ್ಟಿಗೆ ಚುಚ್ಚೋಕೂ ನನ್ನನ್ನೇ ಕರೀತಿದ್ರು."

*

ಮೇಸ್ತ್ರಿ ಚೀಟಿಯನ್ನು ಎರಡು ಸಲ ಓದಿದ. ಮಾತಾಡಿದಾಗ ಅದು ಕೆಲಸದ ಮಾತೇ ಆಗಿತ್ತು.

"ಗೋಡೆ ಪ್ಲಗ್ಗಲ್ಲಿ ಇನ್ನೂರ ಮೂವತ್ತು ವೋಲ್ಟು ಇರಬೇಕು ಚಿಕ್ಕಮ್ಮ. ಇನ್ನೂರ ಎಂಬತ್ತೆಂಟು ಬಂದ್ರೆ ಯಾವ ಜೋಡಿ ಹಾಕಿದ್ರೂ, ಯಾವ ಕಡಿವಾಣ ಬಿಗಿದ್ರೂ ಅರವತ್ತೊಂದಕ್ಕೆ ಏರಲೇಬೇಕು. ಎರಡೂ ಸಮ ಏರಿದಾವೆ ನೋಡಿ. ಜೋಡಿ ಕೆಟ್ಟಿಲ್ಲ. ತಿರುಪು ಜಾರಿಲ್ಲ." ಅವನು ಚೀಟಿಯನ್ನು ಮೇಜಿನ ಮೇಲಿಟ್ಟ. "ಪೆಟ್ಟಿಗೆ ಆಫ್ ಆಗಿದ್ದ ಮೇಲೆ ಬೆಂಕಿ ಗೋಡೆಯೊಳಗಿನಿಂದಲೇ ಬಂದದ್ದು. ವೈರಿಂಗಿನಿಂದ."

"ನಿಮ್ಮ ಕೈಯಿಂದಲ್ಲ."

"ನನ್ನ ಕೈಯಿಂದಲ್ಲ" ಎಂದ ಮೇಸ್ತ್ರಿ, ಮೊದಲ ಸಲ ಕೇಳಿಸಿಕೊಳ್ಳುವವನಂತೆ. ಆಮೇಲೆ ಅತ್ತ. ಮುಚ್ಚುಮರೆಯಿಲ್ಲದೆ, ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು ಅತ್ತ. "ಪಾಪ, ಆ ಹೆಣ್ಣುಮಗಳು. ಅಷ್ಟು ವರ್ಷ ಒಬ್ಬಳೇ ಹೊಟ್ಟೇಲಿಟ್ಟುಕೊಂಡಿದ್ದಳಲ್ಲ. ನಾಳೆ ನಾನೇ ಹೋಗ್ತೀನಿ. ನಾನು ಓಡಿಹೋಗಿದ್ರೂ ಗೋಡೆಯೊಳಗಿನ ಬೆಂಕಿ ಆರಿಸೋಕೆ ಆಗ್ತಿರಲಿಲ್ಲ ಅಂತ ಹೇಳ್ತೀನಿ."

ಅವಳನ್ನು ಅವನು ಒಂದು ಮಾತೂ ಬೈಯಲಿಲ್ಲ. ಚಿಕ್ಕಮ್ಮನಿಗೆ ಆ ಕ್ಷಣ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಉಕ್ಕಿತು. ಚೀಟಿಯನ್ನು ಅವಳು ಸಾಕ್ಷಿಗೆಂದು ಮಡಿಸಿ ತನ್ನ ಚೀಲದೊಳಗೆ ಇಟ್ಟುಕೊಂಡಳು.

"ಆ ಗೋಡೆ ಅಳೆದವರು ಯಾರು ಮೇಸ್ತ್ರಿ?"

ಅವನ ಕಿವಿಗೆ ಅದು ಬೀಳಲಿಲ್ಲ. ಕಪಾಟಿನ ಮೇಲಿನ ಹಲಗೆಯಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸುತ್ತಿದ್ದ. "ಆ ಮಗು ಪೆಟ್ಟಿಗೆ ಗುಂಯ್ ಅನ್ನುತ್ತೆ ಅಂತ ತಾನೇ ಕೊಟ್ಟು ಹೋದದ್ದು? ಅವಳ ಅಪ್ಪನ ಪೆಟ್ಟಿಗೆಗೆ ನಾನೇ ಜೋಡಿ ಮಾಡಿಕೊಡ್ತಿದ್ದೆ. ಇವಳಿಗೂ ನಾನೇ ಮಾಡಬೇಕು."

ಡಬ್ಬಿಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ವಾಲ್ವುಗಳಿದ್ದವು. ಒಂದೊಂದನ್ನೇ ಚುಚ್ಚಿ, ಕಾಯಿಸಿ, ಅಳೆದ. ಮೂವತ್ತೊಂದು. ನಲವತ್ತು. ಮೂವತ್ತೈದು. ಬೇಡದ್ದನ್ನು ಮಕ್ಕಳನ್ನು ಮಲಗಿಸುವ ಹಾಗೆ ಮತ್ತೆ ಹತ್ತಿಯಲ್ಲಿ ಸುತ್ತಿಟ್ಟ. ಆರನೆಯದು ಮತ್ತೆ ಮೂವತ್ತೈದು. ಇವೇ ಜೋಡಿ ಎಂದು ಎರಡನ್ನೂ ಪಕ್ಕಪಕ್ಕ ಕೂರಿಸಿದ.

ಎಡಗೈ ಜೇಬಿಗೆ ಹೋಯಿತು. ಬಲಗೈಯಲ್ಲಿ ತಿರುಪುಳಿ. ಏಳು ವರ್ಷದ ನಂತರ ಮೇಸ್ತ್ರಿ ಕಡಿವಾಣದ ತಿರುಪನ್ನು ಮುಟ್ಟಿದ. ಕೂದಲೆಳೆಯಷ್ಟು ತಿರುಗಿಸಿದ, ಮಾಪಕ ನೋಡಿದ, ಇನ್ನೊಂದು ಎಳೆ ಹಿಂದಕ್ಕೆ. ವಾಲ್ವುಗಳೊಳಗೆ ಕಿತ್ತಳೆ ಬೆಳಕು ಮೂಡಿತು. ಕೈ ಹಿಂದಕ್ಕೆ ಸರಿಯಲಿಲ್ಲ.

"ಮೊದಲನೇ ಅಳತೆ ಮೂವತ್ತೈದು" ಎಂದ. "ಈಗ ಇಪ್ಪತ್ತು ನಿಮಿಷ ಕಾಯಬೇಕು. ಮೊದಲನೇದನ್ನ ನಾನು ನಂಬಲ್ಲ."

ಗಡಿಯಾರದಲ್ಲಿ ನಾಲ್ಕೂಕಾಲು. ಹದಿನೈದು ನಿಮಿಷ ಕಳೆದಿರಬಹುದು, ಬಾಗಿಲಲ್ಲಿ ಪರಿಚಿತ ಕೆಮ್ಮು. ಭಾವ ಸಂಜೆಯ ಕಾಫಿ ತಂದಿದ್ದ. ಉರಿಯುತ್ತಿದ್ದ ವಾಲ್ವುಗಳನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಏನಪ್ಪ ಇದು, ಮತ್ತೆ ಶುರು ಮಾಡಿಬಿಟ್ಟೆಯಾ?"

"ಬನ್ನಿ ಭಾವ, ಕೂತ್ಕೊಳ್ಳಿ" ಎಂದ ಮೇಸ್ತ್ರಿ. ಅವನ ಮುಖ ಅರಳಿತ್ತು. "ನನ್ನ ತಪ್ಪಲ್ಲ ಭಾವ. ಅವನೇ ಚೀಟಿ ಬರೆದು ಕಳಿಸಿದ್ದನಂತೆ, ನನಗೆ ತಲುಪಲಿಲ್ಲ. ಗೋಡೇಲಿ ಕರೆಂಟು ಏರಿತ್ತಂತೆ. ಪೆಟ್ಟಿಗೆ ಆಫ್ ಮಾಡೇ ಕೂತಿದ್ದನಂತೆ."

ಭಾವ ಫ್ಲಾಸ್ಕನ್ನು ಮೇಜಿನ ಮೇಲಿಟ್ಟ. ಮೈದುನನ ಎರಡು ಭುಜಗಳನ್ನೂ ಹಿಡಿದುಕೊಂಡ. ಆ ಮುದುಕನ ಕಣ್ಣಲ್ಲಿ ನೀರು ತುಂಬಿತ್ತು. ಅದು ನಾಟಕದ ನೀರಲ್ಲ, ಚಿಕ್ಕಮ್ಮ ಆಣೆ ಮಾಡಿ ಹೇಳಬಲ್ಲಳು. ಭಾರವಾದದ್ದೇನನ್ನೋ ಬಹಳ ದೂರ ಹೊತ್ತು ಬಂದವನು ಇಳಿಸುವಾಗ ಬರುವಂಥದ್ದು.

"ನಾನು ಹೇಳ್ತಾನೇ ಬಂದೆನಲ್ಲೋ, ನಿನ್ನ ತಪ್ಪಲ್ಲ ಅಂತ" ಎಂದ ಭಾವ. "ದಿನಾ ಹೇಳ್ತಿದ್ದೆ, ನೀನು ಕೇಳ್ತಿರಲಿಲ್ಲ. ಗೋಡೇಲಿ ಇನ್ನೂರ ಎಂಬತ್ತೆಂಟು ಬಂದ್ರೆ ನೀನಾದ್ರೂ ಏನು ಮಾಡ್ತೀಯಪ್ಪ, ಆ ದೇವರಾದ್ರೂ ಏನು ಮಾಡ್ತಾನೆ?"

ಚಿಕ್ಕಮ್ಮ ಮಡಿಲ ಮೇಲಿದ್ದ ಚೀಲವನ್ನು ಮುಟ್ಟಿ ನೋಡಿಕೊಂಡಳು. ಚೀಟಿ ಮಡಿಸಿದ ಹಾಗೇ ಒಳಗಿತ್ತು. ಬೆಂಕಿಯ ದಿನ ಊರಲ್ಲೇ ಇರಲಿಲ್ಲವೆಂದ ಅವನಿಗೆ ಆ ಅಂಕಿಯನ್ನು ಈ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ಭಾವನ ಕೈಗಳೊಳಗೆ ಹಾಗೇ ನಿಂತಿದ್ದ, ಕಾಫಿಗೆಂದು ತೆಗೆದ ಲೋಟ ಹಿಡಿದುಕೊಂಡು. ನಗು ಮುಖದ ಮೇಲೇ ಇತ್ತು, ಆದರೆ ಮರೆತು ಬಿಟ್ಟದ್ದರ ಹಾಗೆ. ಹಿಂದೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ತುಂಬಿತು. ಅವನು ಮಾಪಕದ ಕಡೆ ತಿರುಗಲಿಲ್ಲ.

"ಭಾವ" ಎಂದ ಮೆಲ್ಲಗೆ. "ಎಷ್ಟು ಅಂದ್ರಿ? ಇನ್ನೊಂದ್ಸಲ ಹೇಳಿ."